ಕೇಳಿದ್ದೆ, ಆದರೆ ಕೇಳಿರಲಿಲ್ಲ

ಕಳೆದ ಸಲದ ಅಂಕಣ ಓದಿ ಒಬ್ಬರು ಬರೆದಿದ್ದರು: ‘ಪ್ರತಿ ಭಾನುವಾರ ಚರ್ಚಿಗೆ ಹೋಗ್ತೀನಿ, ದಿನಾ ಪ್ರಾರ್ಥನೆ ಮಾಡ್ತೀನಿ. ಆದ್ರೂ ನನ್ನ ವಿಶ್ವಾಸ ಒಂದೇ ಸಮ ಇರಲ್ಲ. ಏನು ತಪ್ಪು ಮಾಡ್ತಿದೀನಿ?’

ಈ ಪ್ರಶ್ನೆಗೆ ಉತ್ತರ ಕೊಡುವಷ್ಟು ದೊಡ್ಡವನು ನಾನಲ್ಲ. ಆದರೆ ಪ್ರಶ್ನೆ ಚೆನ್ನಾಗಿ ಗೊತ್ತು. ಯಾಕಂದ್ರೆ ಎರಡು ವರ್ಷದ ಹಿಂದೆ ಅದು ನನ್ನದೇ ಪ್ರಶ್ನೆಯಾಗಿತ್ತು. ನನ್ನ ವಿಶ್ವಾಸ ಮೊಬೈಲ್ ಬ್ಯಾಟರಿ ಥರ ಇತ್ತು. ಭಾನುವಾರದ ಆರಾಧನೆ ಮುಗಿಸಿ ಹೊರಗೆ ಬರುವಾಗ ನೂರು ಪರ್ಸೆಂಟ್. ಸೋಮವಾರ ಬೆಳಗಿನ ಮೀಟಿಂಗ್ ಮುಗಿಯುವಷ್ಟರಲ್ಲಿ ಅರವತ್ತು. ಬುಧವಾರ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡಾಗ ಕೆಂಪು ಗೆರೆ. ಮತ್ತೆ ಭಾನುವಾರಕ್ಕೆ ಕಾಯೋದು. ವರ್ಷಕ್ಕೊಮ್ಮೆ ಯುವಜನರ ಶಿಬಿರಕ್ಕೆ ಹೋಗಿ, ರಾತ್ರಿ ಹಾಡು ಹಾಡಿ, ಅತ್ತು, ‘ಇನ್ಮೇಲೆ ಬದಲಾಗ್ತೀನಿ’ ಅಂತ ಬರೋದು. ಬದಲಾವಣೆ ಸುಮಾರು ಹತ್ತು ದಿನ ಇರ್ತಿತ್ತು.

ಆಗ ನನಗೆ ಡಬ್ಲಿನ್‌ನಿಂದ ಒಂದು ಕೆಲಸದ ಆಫರ್ ಬಂತು. ಸಂಬಳ ಚೆನ್ನಾಗಿತ್ತು. ಆದರೆ ಬೆಟಗೇರಿಯಲ್ಲಿ ಅಪ್ಪ–ಅಮ್ಮ, ಬೆಂಗಳೂರಿನಲ್ಲಿ ಹೆಂಡತಿಯ ಕೆಲಸ, ಮಗಳಿಗೆ ಇನ್ನೂ ಎರಡು ವರ್ಷ. ಹೋಗಬೇಕೋ ಬೇಡವೋ? ದೇವರನ್ನೇ ಕೇಳೋಣ ಅಂತ ಶುರು ಮಾಡಿದೆ. ಬೆಳಿಗ್ಗೆ ಕೇಳಿದೆ, ರಾತ್ರಿ ಕೇಳಿದೆ, ಬೈಕಲ್ಲಿ ಹೋಗುವಾಗ ಹೆಲ್ಮೆಟ್ ಒಳಗೆ ಕೇಳಿದೆ. ಒಂದು ಶುಕ್ರವಾರ ಉಪವಾಸ ಮಾಡಿಯೂ ಕೇಳಿದೆ. (ಸಂಜೆ ಐದಕ್ಕೆ ಆಫೀಸಿನಲ್ಲಿ ಯಾರದೋ ಬರ್ತ್‌ಡೇ ಕೇಕ್ ತಿಂದುಬಿಟ್ಟೆ, ಅದು ಬೇರೆ ಮಾತು.) ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟೂ ನೋಡಿದೆ. ಯಾಜಕಕಾಂಡದಲ್ಲಿ ಕುಷ್ಠದ ಪರೀಕ್ಷೆಯ ಅಧ್ಯಾಯ ಬಂತು. ಅದರಲ್ಲಿ ಡಬ್ಲಿನ್ ಹುಡುಕುವುದು ನನ್ನಿಂದ ಆಗಲಿಲ್ಲ.

ದೇವರು ಏನೂ ಹೇಳಲಿಲ್ಲ. ನನಗೆ ಸಿಟ್ಟು ಬರತೊಡಗಿತ್ತು.

ಆ ತಿಂಗಳೇ ಊರಿಗೆ ಹೋದೆ. ಅಲ್ಲಿ ಆಯಿ ಇದ್ದಾಳೆ. ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ. ಬೆಟಗೇರಿಯ ಮಿಷನ್ ದವಾಖಾನೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು. ಈಗ ಕಿವಿ ಮಂದ. ಮಷಿನ್ ಹಾಕುತ್ತಾಳೆ. ಒಂದು ವಿಚಿತ್ರ ಅಂದರೆ ಪ್ರಾರ್ಥನೆಗೆ ಕೂರುವ ಮುಂಚೆ ಆ ಮಷಿನ್ ತೆಗೆದು ಕನ್ನಡಕದ ಡಬ್ಬಿಯಲ್ಲಿಟ್ಟುಬಿಡುತ್ತಾಳೆ. ನಮ್ಮಮ್ಮ ‘ಗ್ಯಾಸ್ ಮ್ಯಾಲೆ ಹಾಲು ಉಕ್ಕಿದ್ರೂ ಗೊತ್ತಾಗಂಗಿಲ್ಲ ಈಕಿಗೆ’ ಅಂತ ಗೊಣಗುತ್ತಾಳೆ.

ಆಯಿಯ ಹತ್ತಿರ ನನ್ನ ಕಷ್ಟ ಹೇಳಿಕೊಂಡೆ.

‘ದೇವರನ್ನ ಕೇಳಿದಿ ಏನ?’

‘ದಿನಾ ಕೇಳಾಕತ್ತೀನಿ ಆಯಿ. ಒಂದ ತಿಂಗಳಾತು.’

‘ಅದಲ್ಲೋ ಹುಚ್ಚಪ್ಪಾ. ನೀ ಬೇಡಾಕತ್ತಿ. ಆತ ಏನಂದಾ ಅಂತ ಕೇಳಿದಿ ಏನ?’

ಒಂದು ಕ್ಷಣ ತಲೆ ಓಡಲಿಲ್ಲ. ಆಮೇಲೆ ನಗು ಬಂತು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಬೇಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಮೂವತ್ಮೂರು ವರ್ಷ ‘ದೇವರನ್ನು ಕೇಳು’ ಅನ್ನುವ ಮಾತಿನಲ್ಲಿ ನಾನು ಅರ್ಧ ಮಾತ್ರ ಹಿಡಿದುಕೊಂಡಿದ್ದೆ.

ಆಯಿ ಮುಂದುವರಿಸಿದಳು. ‘ನಾವು ರಾತ್ರಿಪಾಳಿ ಮಾಡುವಾಗ ದೀಪಾ ಸಣ್ಣ ಮಾಡಿ ಪೇಶಂಟ್ ಹಂತ್ಯಾಕ ನಿಲ್ತಿದ್ವಿ. ಅವರೇನು ಮಾತಾಡ್ತಾರೇನು? ಉಸುರು ಹೆಂಗ ಹೊಂಟೈತಿ ಅಂತ ಸುಮ್ನ ನಿಂತು ಕೇಳಬೇಕು. ನೀನ ಗದ್ಲಾ ಮಾಡಿದ್ರ ಅದು ಕೇಳಸ್ತೈತೇನು?’

ಅಷ್ಟು ಹೇಳಿ ಮಷಿನ್ ತೆಗೆದು ಡಬ್ಬಿಗೆ ಹಾಕಿದಳು. ನನ್ನ ಮಾತು ಮುಗಿಯಿತು ಅಂತ ಅದರ ಅರ್ಥ.

ಬೆಂಗಳೂರಿಗೆ ಬಂದ ಮೇಲೆ ಬೆಳಿಗ್ಗೆ ಐದೂವರೆಗೆ ಎದ್ದು ಟೆರೇಸಿನಲ್ಲಿ ಕೂರಲು ಶುರು ಮಾಡಿದೆ. ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಇಪ್ಪತ್ತು ನಿಮಿಷ. ಬೇಡಿಕೆ ಇಲ್ಲ, ಹಾಡಿಲ್ಲ. ಸತ್ಯವೇದದ ಒಂದು ಸಣ್ಣ ಭಾಗ ಓದುವುದು, ಸುಮ್ಮನಿರುವುದು.

ಸುಮ್ಮನಿರುವುದು ಎಷ್ಟು ಕಷ್ಟ ಅಂತ ಯಾರೂ ನನಗೆ ಹೇಳಿರಲಿಲ್ಲ. ಮೊದಲ ದಿನ ಇ.ಎಂ.ಐ. ನೆನಪಾಯಿತು. ಎರಡನೇ ದಿನ ಮ್ಯಾನೇಜರ್ ಹೇಳಿದ ಒಂದು ಮಾತಿಗೆ ನಾನು ಕೊಡಬೇಕಿದ್ದ ಉತ್ತರ, ಮೂರು ವರ್ಷ ತಡವಾಗಿ, ಬಹಳ ಚೆನ್ನಾಗಿ ಹೊಳೆಯಿತು. ಪಕ್ಕದ ಮನೆಯ ಕುಕ್ಕರ್ ನಾಲ್ಕು ಸಲ ಕೂಗಿತು. ಕೈ ತಾನಾಗೇ ಜೇಬಿಗೆ ಹೋಗುತ್ತಿತ್ತು, ಫೋನ್ ಹುಡುಕಿಕೊಂಡು. ಕೊನೆಗೆ ಫೋನನ್ನು ಕೆಳಗೆ ಅಡುಗೆಮನೆಯಲ್ಲೇ ಬಿಟ್ಟು ಬರಲು ಕಲಿತೆ. ಟೈಮ್ ನೋಡಲು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಅಲಾರಾಂ ಗಡಿಯಾರ ತಂದೆ. ಅಂಗಡಿಯವನು ‘ಗಿಫ್ಟಾ ಸಾರ್?’ ಅಂದ.

ಎರಡನೇ ವಾರ ಒಂದು ಮುಖ ಕಣ್ಣ ಮುಂದೆ ಬಂತು. ನಮ್ಮ ಟೀಮಿನಲ್ಲಿದ್ದ ಒಬ್ಬ ಹುಡುಗನದು. ಹಾವೇರಿ ಕಡೆಯವನು, ಮೊದಲ ಕೆಲಸ. ‘ಅಯ್ಯೋ, ಇದೆಂಥದು, ಧ್ಯಾನ ಕೆಡ್ತು’ ಅಂತ ತಲೆ ಕೊಡವಿ ಮತ್ತೆ ವಚನಕ್ಕೆ ಬಂದೆ. ಮೂರು ದಿನ ಬಿಟ್ಟು ಮತ್ತೆ ಬಂತು. ಮತ್ತೆ ಓಡಿಸಿದೆ. ನಾನು ಡಬ್ಲಿನ್ ಬಗ್ಗೆ ಕಾಯುತ್ತಿದ್ದೆನಲ್ಲ.

ಆ ಹುಡುಗನ ಕಥೆ ಹೇಳಬೇಕು. ಹೇಳಲು ಇಷ್ಟವಿಲ್ಲ.

ಅದಕ್ಕೆ ಆರು ತಿಂಗಳ ಹಿಂದಿನ ಒಂದು ಶುಕ್ರವಾರ ರಾತ್ರಿ ಕ್ಲೈಂಟಿನ ಸಿಸ್ಟಮ್ಮಿನಲ್ಲಿ ಒಂದು ಬದಲಾವಣೆ ಆಗಬೇಕಿತ್ತು. ಸ್ಕ್ರಿಪ್ಟ್ ಬರೆದವನು ಆ ಹುಡುಗ. ನೋಡಿ ಒಪ್ಪಿಗೆ ಕೊಡಬೇಕಾದವನು ಟೀಮ್ ಲೀಡ್ ಆದ ನಾನು. ನಾನಾಗ ಗೆಳೆಯನ ರಿಸೆಪ್ಷನ್ನಿನಲ್ಲಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ‘ಸರ್, ಒಂದ್ಸಲ ನೋಡ್ತೀರಾ? ನಂಗೆ ಒಂದು ಲೈನ್ ಡೌಟಿದೆ’ ಅಂತ ಮೆಸೇಜ್ ಹಾಕಿದ್ದ. ನಾನು ತೆರೆದೂ ನೋಡದೆ ‘ಓಕೆ, ಗೋ ಅಹೆಡ್’ ಅಂತ ಹಾಕಿ ಒಂದು ಹೆಬ್ಬೆರಳಿನ ಎಮೋಜಿ ಒತ್ತಿದೆ. ಅವನ ಡೌಟು ಸರಿಯಾಗಿಯೇ ಇತ್ತು. ಸಾವಿರಾರು ಗ್ರಾಹಕರ ದಾಖಲೆ ತಪ್ಪಾಗಿ, ಸರಿಪಡಿಸಲು ಇಡೀ ಶನಿವಾರ ಹಿಡಿಯಿತು.

ಸೋಮವಾರದ ಕಾಲಿನಲ್ಲಿ ‘ಸ್ಕ್ರಿಪ್ಟ್ ರನ್ ಮಾಡಿದ್ದು ಯಾರು?’ ಅಂತ ಕೇಳಿದರು. ಹುಡುಗ ‘ನಾನು ಸರ್’ ಅಂದ. ಅಷ್ಟೇ ಹೇಳಿದ. ನನ್ನ ಮೆಸೇಜಿನ ಬಗ್ಗೆ ಒಂದಕ್ಷರ ಎತ್ತಲಿಲ್ಲ. ನಾನು ಹೇಳುತ್ತೇನೆ ಅಂತ ಕಾಯುತ್ತಿದ್ದನೋ ಏನೋ. ನಾನು ಮ್ಯೂಟಿನಲ್ಲಿದ್ದೆ. ಮ್ಯೂಟ್ ತೆಗೆಯಲಿಲ್ಲ.

ಅವನನ್ನು ಪ್ರಾಜೆಕ್ಟಿನಿಂದ ಬಿಡಿಸಿದರು. ಎರಡು ತಿಂಗಳು ಬೆಂಚಿನಲ್ಲಿ ಕೂತಿದ್ದು ಪೇಪರ್ ಹಾಕಿ ಹೋದ. ಕೊನೆಯ ದಿನ ಎಲ್ಲರಿಗೂ ಸಮೋಸ ತಂದಿದ್ದ. ನನ್ನ ಡೆಸ್ಕಿಗೂ ಬಂದು ‘ಥ್ಯಾಂಕ್ಯೂ ಸರ್’ ಅಂದ. ಇದು ಶುಕ್ರವಾರ. ಭಾನುವಾರ ನಾನು ಚರ್ಚಿನಲ್ಲಿ ಗಿಟಾರ್ ನುಡಿಸಿದೆ.

ಮೂರನೇ ಸಲ ಆ ಮುಖ ಬಂದಾಗ ಹೆದರಿಕೆಯಾಯಿತು. ನಮ್ಮ ಸಭೆಯಲ್ಲಿ ಒಬ್ಬರು ನಿವೃತ್ತ ಗಣಿತ ಮೇಷ್ಟ್ರಿದ್ದಾರೆ. ಅವರ ಹತ್ತಿರ ಹೋಗಿ, ‘ಮೇಷ್ಟ್ರೇ, ಸುಮ್ಮನೆ ಕೂತರೆ ಬೇಡದ್ದೇ ನೆನಪಾಗುತ್ತೆ, ಏನ್ಮಾಡ್ಲಿ?’ ಅಂದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ‘ಡಬ್ಲಿನ್ ಅಂತ ನೀನು ಅಜೆಂಡಾ ಹಾಕಿಟ್ಟಿದ್ದೀಯ. ಅವರ ಅಜೆಂಡಾ ಬೇರೆ ಇರಬಹುದಲ್ಲಪ್ಪ. 1 ಸಮುವೇಲ 3 ಓದು’ ಅಂದರು.

ಸಂಡೇ ಸ್ಕೂಲಿಗೆ ಹೋದ ಯಾರಿಗೂ ಆ ಕಥೆ ಹೊಸದಲ್ಲ. ಶೀಲೋವಿನ ದೇವಾಲಯದಲ್ಲಿ ಹುಡುಗ ಸಮುವೇಲ ಮಲಗಿದ್ದಾನೆ. ದೀಪ ಇನ್ನೂ ಆರಿಲ್ಲ. ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಮುದುಕ ಯಾಜಕ ಏಲಿ ಕರೆದರೇನೋ ಅಂತ ಓಡುತ್ತಾನೆ. ‘ನಾನು ಕರೆದಿಲ್ಲ, ಹೋಗಿ ಮಲಗು’ ಅಂತಾರೆ. ಹೀಗೆ ಮೂರು ಸಲ. ಮೂರನೇ ಸಲ ಏಲಿಗೆ ಹೊಳೆಯುತ್ತದೆ, ಕರೆಯುತ್ತಿರುವುದು ಯಾರು ಅಂತ. ಮುಂದಿನ ಸಲ ಕರೆದಾಗ ‘ನಾನು ಕೇಳುತ್ತಿದ್ದೇನೆ’ ಅಂತ ಹೇಳಲು ಕಲಿಸಿ ಕಳಿಸುತ್ತಾರೆ. ನಮ್ಮ ಸಂಡೇ ಸ್ಕೂಲಿನಲ್ಲಿ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಪುಟ್ಟ ಹುಡುಗ ಮೊಣಕಾಲೂರಿದ ಬಣ್ಣದ ಚಿತ್ರ, ಒಂದು ಚಾಕೊಲೇಟು, ಮನೆ.

ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಅವತ್ತು ದೇವರು ಆ ಹುಡುಗನಿಗೆ ಹೇಳಿದ ಮೊದಲ ಮಾತು ಏನು? ಅವನ ಭವಿಷ್ಯ ಅಲ್ಲ, ಸಮಾಧಾನದ ಮಾತೂ ಅಲ್ಲ. ಏಲಿಯ ಮನೆತನದ ಮೇಲಿನ ತೀರ್ಪು. ಏಲಿಯ ಮಕ್ಕಳು ಮಾಡುತ್ತಿದ್ದ ದುಷ್ಟತನ ಗೊತ್ತಿದ್ದೂ ಅಪ್ಪ ತಡೆಯಲಿಲ್ಲ ಅನ್ನುವ ಮಾತು. ತನ್ನನ್ನು ಸಾಕಿದ ಮುದುಕನ ವಿರುದ್ಧದ ಮಾತನ್ನು ಹೊಟ್ಟೆಯೊಳಗಿಟ್ಟುಕೊಂಡು ಸಮುವೇಲ ಬೆಳಗಿನವರೆಗೂ ಮಲಗಿದ್ದ. ಎದ್ದು ಬಾಗಿಲುಗಳನ್ನು ತೆರೆದ. ಹೇಳಲು ಭಯಪಟ್ಟ. ಏಲಿಯೇ ಒತ್ತಾಯ ಮಾಡಿದ ಮೇಲೆ ಒಂದನ್ನೂ ಮುಚ್ಚಿಡದೆ ಹೇಳಿದ.

ಇನ್ನೊಂದು ಸಂಗತಿ ಮೇಷ್ಟ್ರು ತೋರಿಸಿಕೊಟ್ಟರು. ಸಮುವೇಲನ ತಾಯಿ ಹನ್ನ, ದೇವರಲ್ಲಿ ಬೇಡಿ ಪಡೆದದ್ದಕ್ಕೇ ಮಗನಿಗೆ ಆ ಹೆಸರಿಟ್ಟಳು ಅಂತ ಅದೇ ಪುಸ್ತಕದ ಮೊದಲ ಅಧ್ಯಾಯ ಹೇಳುತ್ತದೆ. ಅಮ್ಮ ಕೇಳಿ ಪಡೆದ ಮಗ, ಆಮೇಲೆ ಕಿವಿಗೊಟ್ಟು ಕೇಳಲು ಕಲಿತ. ಕೇಳುವುದು ಎರಡೂ ಬೇಕು. ನನಗೆ ಬಂದದ್ದು ಮೊದಲನೆಯದು ಮಾತ್ರ.

ಆ ರಾತ್ರಿಯೇ ಮೇಲ್ ಬರೆದೆ. ಕಳಿಸಲು ನಾಲ್ಕು ದಿನ ಹಿಡಿಯಿತು. ಆ ಶುಕ್ರವಾರದ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕಿ, ಒಪ್ಪಿಗೆ ಕೊಟ್ಟವನು ನಾನು, ನೋಡದೆ ಕೊಟ್ಟೆ, ವರದಿಯಲ್ಲಿ ಇದು ಸೇರಬೇಕು ಅಂತ ಬರೆದೆ. ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದು ‘ಕ್ಲೋಸ್ ಆಗಿರೋ ಟಿಕೆಟ್ ಕೆದಕಿ ಏನು ಸಿಗುತ್ತೆ ನಿನಗೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ದೇವರು ಹೇಳಿದ್ರು ಅಂತ ಕ್ಯಾಬಿನ್ನಿನಲ್ಲಿ ಹೇಳುವಷ್ಟು ಧೈರ್ಯ ಇರಲಿಲ್ಲ. ‘ಅದು ನನ್ನ ತಪ್ಪು ಸರ್’ ಅಂತಷ್ಟೇ ಅಂದೆ. ಆ ವರ್ಷ ನನ್ನ ರೇಟಿಂಗ್ ಇಳಿಯಿತು.

ಹುಡುಗನಿಗೆ ಫೋನ್ ಮಾಡಿದೆ. ನನ್ನ ಮಾತು ಮುಗಿಯುವವರೆಗೂ ಸುಮ್ಮನಿದ್ದ. ಆಮೇಲೆ, ‘ಈಗ ಹೇಳಿ ಏನ್ ಪ್ರಯೋಜನ ಸರ್? ನಮ್ಮಪ್ಪ ಇನ್ನೂ ನಾನೇ ಏನೋ ಮಾಡ್ಕೊಂಡೆ ಅಂತ ತಿಳ್ಕೊಂಡಿದಾರೆ’ ಅಂದ. ಕಟ್ ಮಾಡಿದ.

ಕ್ಷಮೆ ಸಿಗುತ್ತದೆ, ಎದೆ ಹಗುರಾಗುತ್ತದೆ ಅಂತೆಲ್ಲ ಸಾಕ್ಷಿ ಹೇಳುವಾಗ ಕೇಳಿರುತ್ತೇವಲ್ಲ, ಹಾಗೇನೂ ಆಗಲಿಲ್ಲ. ಎದೆ ಭಾರವಾಗಿಯೇ ಇತ್ತು. ಆದರೆ ಒಂದು ಬದಲಾವಣೆ ಗಮನಕ್ಕೆ ಬರಲು ಒಂದೆರಡು ತಿಂಗಳು ಬೇಕಾಯಿತು. ಬುಧವಾರಗಳು ಭಾನುವಾರಗಳಿಗಿಂತ ಬೇರೆ ಅನ್ನಿಸುವುದು ನಿಂತಿತ್ತು. ಸಂತೋಷ ಜಾಸ್ತಿಯಾಗಿತ್ತು ಅಂತಲ್ಲ. ಅಲ್ಲಾಡುವುದು ಕಡಿಮೆಯಾಗಿತ್ತು.

ಯೇಸುಸ್ವಾಮಿ ಹೇಳಿದ ಮನೆ ಕಟ್ಟುವ ಇಬ್ಬರ ಸಾಮ್ಯ ನೆನಪಿದೆಯಾ? ಮತ್ತಾಯನ ಸುವಾರ್ತೆಯ ಏಳನೇ ಅಧ್ಯಾಯದ ಕೊನೆಯಲ್ಲಿ ಬರುತ್ತದೆ. ಒಬ್ಬ ಬಂಡೆಯ ಮೇಲೆ, ಇನ್ನೊಬ್ಬ ಮರಳಿನ ಮೇಲೆ. ಮರಳಿನವನು ದೇವರ ಮಾತು ಕೇಳದವನು ಅಂತಲೇ ನಾನು ತಿಳಿದಿದ್ದೆ. ಮತ್ತೆ ಓದಿ ನೋಡಿ. ಇಬ್ಬರೂ ಕೇಳಿದವರೇ! ಮಳೆ, ಪ್ರವಾಹ, ಗಾಳಿ ಇಬ್ಬರ ಮನೆಗೂ ಒಂದೇ ಥರ ಬಡಿಯಿತು. ಒಬ್ಬ ಕೇಳಿದ್ದನ್ನು ಮಾಡಿದ, ಇನ್ನೊಬ್ಬ ಮಾಡಲಿಲ್ಲ. ವ್ಯತ್ಯಾಸ ಅಷ್ಟೇ. ಕನ್ನಡದ ‘ಕೇಳು’ವಿಗೆ ಮೂರನೇ ಅರ್ಥವೂ ಇದೆ ನೋಡಿ. ‘ಅಪ್ಪನ ಮಾತು ಕೇಳು’ ಅಂದರೆ ಕಿವಿಗೆ ಬೀಳಿಸಿಕೋ ಅಂತ ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲೂ ಹಾಗೆಯೇ. ‘ಶಮಾ’ ಅಂದರೆ ಕೇಳು, ಹಾಗೆಯೇ ವಿಧೇಯನಾಗು.

ಇಷ್ಟು ಓದಿ ನೀವು ‘ಹಾಗಾದ್ರೆ ಮನಸ್ಸಿಗೆ ಬಂದದ್ದೆಲ್ಲ ದೇವರ ಮಾತಾ?’ ಅಂತ ಕೇಳಬಹುದು. ಖಂಡಿತ ಅಲ್ಲ. ಇದರಲ್ಲಿ ನನಗೆ ಸ್ವಲ್ಪ ಕೋಪವೇ ಇದೆ. ‘ದೇವರು ನನಗೆ ಹೇಳಿದರು’ ಅನ್ನುವಷ್ಟು ಅನುಕೂಲದ ಮಾತು ನಮ್ಮ ನಡುವೆ ಇನ್ನೊಂದಿಲ್ಲ. ನನಗೆ ಗೊತ್ತಿರುವ ಒಂದು ಪ್ರಾರ್ಥನಾ ಗುಂಪಿನಲ್ಲಿ ಒಬ್ಬ, ‘ನೀನೇ ನನ್ನ ಹೆಂಡತಿ ಅಂತ ದೇವರು ತೋರಿಸಿದ್ದಾರೆ’ ಅಂತ ಒಬ್ಬಳಿಗೆ ಹೇಳಿದ. ಪಾಪ, ಆ ಹುಡುಗಿ ಎರಡು ತಿಂಗಳು ನಿದ್ದೆ ಮಾಡಲಿಲ್ಲ. ದೇವರಿಗೇ ಎದುರಾಡಿದಂತೆ ಆಗುತ್ತಲ್ಲ ಅನ್ನುವ ಭಯ. ಕೊನೆಗೆ ಅವಳ ಅಮ್ಮ, ‘ನನ್ನ ಮಗಳಿಗೂ ಬಾಯಿದೆ ಕಿವಿಯಿದೆ, ದೇವರಿಗೆ ಅವಳ ಅಡ್ರೆಸ್ಸೂ ಗೊತ್ತಿದೆ’ ಅಂದರಂತೆ. ಆ ತಾಯಿಗೆ ನಮಸ್ಕಾರ.

ನನ್ನ ಮಟ್ಟಿಗೆ ನಾನು ನೋಡುವುದು ಇಷ್ಟು. ಕೇಳಿಸಿದ್ದು ಸತ್ಯವೇದದಲ್ಲಿ ಕಾಣುವ ಯೇಸುವಿನ ಸ್ವಭಾವಕ್ಕೆ ಒಪ್ಪುತ್ತದಾ? ನನ್ನನ್ನು ಹೊಗಳುತ್ತಿದೆಯಾ? ಹೊಗಳುತ್ತಿದ್ದರೆ ನನ್ನದೇ ದನಿ ಅಂತ ಅನುಮಾನ ಪಡುತ್ತೇನೆ. ಬೇರೆಯವರು ಏನು ಮಾಡಬೇಕು ಅಂತ ಹೇಳುತ್ತಿದ್ದರೆ ಅನುಮಾನ ಇನ್ನೂ ಜಾಸ್ತಿ. ಮತ್ತೆ ಏಲಿಯಂಥ ಒಬ್ಬರಿಗೆ ಹೇಳಿ ನೋಡುತ್ತೇನೆ. ಏಲಿಯೇನೂ ಪರಿಪೂರ್ಣ ಮನುಷ್ಯನಲ್ಲ, ಕಣ್ಣೂ ಮಂದವಾಗಿತ್ತು. ಆದರೂ ಅವನಿಲ್ಲದಿದ್ದರೆ ಸಮುವೇಲನಿಗೆ ಗೊತ್ತಾಗುತ್ತಿರಲಿಲ್ಲ. ಇನ್ನು, ನಿಜವಾಗಲೂ ಕಿವಿಯಲ್ಲಿ ದನಿಗಳು ಕೇಳಿ ಹೆದರಿಸುತ್ತಿದ್ದರೆ, ನಿಮಗೋ ಬೇರೆಯವರಿಗೋ ಹಾನಿ ಮಾಡು ಅನ್ನುತ್ತಿದ್ದರೆ, ತಡ ಮಾಡದೆ ಮನೋವೈದ್ಯರನ್ನು ನೋಡಿ. ಅದು ವಿಶ್ವಾಸದ ಕೊರತೆ ಅಲ್ಲ.

ಸುಸ್ತಾದವರಿಗೆ ಇನ್ನೊಂದು ಮಾತು. ಪ್ರವಾದಿ ಎಲೀಯನ ಕಥೆಯಲ್ಲಿ ಹೋರೇಬ್ ಬೆಟ್ಟದ ಮೆಲುದನಿ ಎಲ್ಲರಿಗೂ ಗೊತ್ತು. ಬಿರುಗಾಳಿ, ಭೂಕಂಪ, ಬೆಂಕಿ ಯಾವುದರಲ್ಲೂ ಇಲ್ಲದ ದೇವರು ಆಮೇಲೆ ಸಣ್ಣ ದನಿಯಲ್ಲಿ ಮಾತಾಡಿದ್ದು. ಅದಕ್ಕೂ ಮುಂಚಿನದನ್ನು ನಾವು ಹಾರಿಸಿಬಿಡುತ್ತೇವೆ. ರಾಣಿ ಈಜೆಬೆಲಳಿಗೆ ಹೆದರಿ ಓಡಿ ಬಂದವನು ಮರುಭೂಮಿಯ ಒಂದು ಗಿಡದ ಕೆಳಗೆ ‘ಸಾಕು, ಸಾಯ್ತೀನಿ’ ಅಂತ ಮಲಗಿಬಿಟ್ಟಿದ್ದ. ದೇವರು ಆಗ ಪ್ರಸಂಗ ಮಾಡಲಿಲ್ಲ. ದೂತನ ಕೈಲಿ ರೊಟ್ಟಿ, ನೀರು ಕಳಿಸಿದರು. ತಿಂದ, ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದರು. ದನಿ ಕೇಳಿದ್ದು ಎಷ್ಟೋ ದಿನ ಬಿಟ್ಟು. ರಾತ್ರಿ ಎರಡರವರೆಗೆ ರಿಲೀಸ್ ಕಾಲಿನಲ್ಲಿದ್ದು ಬೆಳಿಗ್ಗೆ ಐದಕ್ಕೆ ದೇವರ ದನಿ ಕೇಳುತ್ತಿಲ್ಲ ಅಂತ ಅಳುವವರೇ, ಮೊದಲು ತಿಂಡಿ ತಿಂದು ಮಲಗಿ.

ತಿಂಗಳುಗಟ್ಟಲೆ ಕೂತರೂ ಏನೂ ಕೇಳದಿದ್ದರೆ? ಇದಕ್ಕೆ ಸುಲಭದ ಸಮಾಧಾನ ನನ್ನಲ್ಲಿಲ್ಲ. ನೆನಪಾಗುವುದು ಮದರ್ ತೆರೇಸಾ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಅವರಿಗೆ ಕರೆ ಬಂತು, ಕಡುಬಡವರ ನಡುವೆ ಹೋಗಿ ಬದುಕು ಅಂತ. ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ಆ ಕೆಲಸ ಶುರುವಾದ ಸುಮಾರಿಗೇ ಒಳಗೆಲ್ಲ ಕತ್ತಲೆ. ದೇವರು ಇದ್ದಾರೆ ಅನ್ನುವ ಅನುಭವವೇ ಇಲ್ಲ. 1997ರಲ್ಲಿ ತೀರಿಕೊಳ್ಳುವವರೆಗೆ, ಹತ್ತಿರ ಹತ್ತಿರ ಐವತ್ತು ವರ್ಷ, ನಡುವೆ ಸ್ವಲ್ಪ ಕಾಲ ಬಿಟ್ಟರೆ ಹಾಗೇ ಇತ್ತು. ಗುರುಗಳಿಗೆ ಬರೆದ ಆ ಪತ್ರಗಳನ್ನು ನಾಶ ಮಾಡಿ ಅಂತ ಅವರು ಕೇಳಿಕೊಂಡಿದ್ದರು. 2007ರಲ್ಲಿ ಪುಸ್ತಕವಾಗಿ ಬಂದಾಗ ಎಷ್ಟೋ ಜನ ‘ಹಾಗಾದ್ರೆ ನಂಬಿಕೆಯೇ ಇರಲಿಲ್ಲವಾ?’ ಅಂದರು. ನಾನು ಅದನ್ನು ಓದಿದ್ದು ಬೇರೆ ಥರ. ಒಂದು ಸಲ ಕೇಳಿದ ಮಾತನ್ನು ಹಿಡಿದುಕೊಂಡು ಐವತ್ತು ವರ್ಷ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದ ಹೆಂಗಸು ಅವರು. ನನ್ನ ಬ್ಯಾಟರಿ ಹತ್ತು ದಿನ ನಿಲ್ಲುತ್ತಿರಲಿಲ್ಲ.

ಕೂರುವ ಕ್ರಮವನ್ನು ನಾನು ಕಲಿತದ್ದು ಜರ್ಮನಿಯ ಪಾಸ್ಟರ್ ಡೀಟ್ರಿಶ್ ಬಾನ್‌ಹಾಫರ್ ಅವರಿಂದ. ಹಿಟ್ಲರನ ಕಾಲದಲ್ಲಿ, 1935ರಿಂದ 1937ರವರೆಗೆ, ಅವರು ಫಿಂಕೆನ್‌ವಾಲ್ಡೆ ಅನ್ನುವಲ್ಲಿ ಸಭಾಪಾಲಕರಾಗುವ ಯುವಕರಿಗೆ ತರಬೇತಿ ಕೊಡುತ್ತಿದ್ದರು. ಗೆಸ್ಟಾಪೊ ಬಂದು ಮುಚ್ಚಿಸುವವರೆಗೆ. ಅಲ್ಲಿ ದಿನಾ ಬೆಳಿಗ್ಗೆ ಅರ್ಧ ಗಂಟೆ ಮೌನ. ಒಂದೇ ಸಣ್ಣ ವಚನಭಾಗ, ಇಡೀ ವಾರ. ವ್ಯಾಖ್ಯಾನ ನೋಡುವ ಹಾಗಿಲ್ಲ, ಪ್ರಸಂಗಕ್ಕೆ ಪಾಯಿಂಟ್ ಹುಡುಕುವ ಹಾಗಿಲ್ಲ. ಹುಡುಗರಿಗೆ ಅದು ಕಷ್ಟವಾಗುತ್ತಿತ್ತು, ನಿದ್ದೆ ಬರುತ್ತಿತ್ತು, ಮನಸ್ಸು ಎಲ್ಲೆಲ್ಲೋ ಹೋಗುತ್ತಿತ್ತು. ಓದಿ ಎಷ್ಟು ಸಮಾಧಾನ ಆಯಿತು ಅಂತೀರಿ! ಆ ದಿನಗಳ ಬಗ್ಗೆ 1939ರಲ್ಲಿ ಬಂದ ಅವರ ಪುಸ್ತಕದಲ್ಲಿ ಒಂದು ವಿಚಾರ ಇದೆ. ಪಕ್ಕದಲ್ಲಿರುವ ಮನುಷ್ಯನ ಮಾತಿಗೆ ಕಿವಿಗೊಡಲು ಆಗದವನು ಸ್ವಲ್ಪ ದಿನದಲ್ಲಿ ದೇವರಿಗೂ ಕಿವಿಗೊಡದವನಾಗುತ್ತಾನೆ ಅಂತ. ಊಟದ ಸಾಲಿನಲ್ಲಿ ನಿಂತಾಗ ಬಂದ ‘ನಂಗೆ ಒಂದು ಲೈನ್ ಡೌಟಿದೆ’ ಅನ್ನುವ ಮೆಸೇಜು ನೆನಪಾಗಿ ಆ ಪುಟದಲ್ಲೇ ಪುಸ್ತಕ ಮಡಚಿಟ್ಟಿದ್ದೆ.

ಈಗಲೂ ಅದೇ ಕುರ್ಚಿ, ಅದೇ ಟ್ಯಾಂಕು. ವಾರಕ್ಕೊಂದು ಭಾಗ, ಕನ್ನಡದಲ್ಲಿ, ತುಟಿ ಅಲ್ಲಾಡಿಸಿ ನಿಧಾನಕ್ಕೆ ಓದುತ್ತೇನೆ. ಪಕ್ಕದಲ್ಲಿ ಒಂದು ಹತ್ತು ರೂಪಾಯಿಯ ನೋಟ್‌ಬುಕ್. ಕರೆಂಟ್ ಬಿಲ್ಲು, ಮಗಳ ಲಸಿಕೆ, ಅಂಥದ್ದು ನೆನಪಾದರೆ ಬರೆದು ಪಕ್ಕಕ್ಕಿಡುವುದು, ಜಗಳವಾಡುವುದಿಲ್ಲ. ಒಂದೇ ವಿಷಯ ಮೂರು ಸಲ ಬಂದರೆ ಕೆಳಗೆ ಗೆರೆ ಎಳೆಯುತ್ತೇನೆ. ಎರಡು ವರ್ಷದಲ್ಲಿ ಹಾಗೆ ಗೆರೆ ಎಳೆದದ್ದು ಹನ್ನೊಂದು. ಅದರಲ್ಲಿ ನಾಲ್ಕು ಅಪ್ಪನ ಜೊತೆ ಮಾತಾಡುವುದಕ್ಕೆ ಸಂಬಂಧಪಟ್ಟದ್ದು, ಅದನ್ನು ಇನ್ನೊಂದು ಸಲ ಬರೆಯುತ್ತೇನೆ. ಮಾಡದೇ ಬಿಟ್ಟದ್ದೂ ಮೂರಿವೆ. ಮಳೆಗಾಲದಲ್ಲಿ ಎಷ್ಟೋ ದಿನ ಎದ್ದೇ ಇಲ್ಲ.

ಡಬ್ಲಿನ್ ಏನಾಯ್ತು ಅಂತೀರಾ? ಅದರ ಬಗ್ಗೆ ದೇವರು ಇವತ್ತಿನವರೆಗೂ ಒಂದು ಮಾತೂ ಆಡಿಲ್ಲ. ನಾನೂ ಹೆಂಡತಿಯೂ ಒಂದು ರಾತ್ರಿ ಕೂತು ಬಾಡಿಗೆ, ಮಗಳ ಡೇಕೇರ್, ಅಪ್ಪನ ಬಿ.ಪಿ. ಎಲ್ಲ ಲೆಕ್ಕ ಹಾಕಿ ಬೇಡ ಅಂದೆವು. ತಪ್ಪು ಲೆಕ್ಕವೂ ಇರಬಹುದು.

ಕಳೆದ ಶನಿವಾರ ಆ ಹುಡುಗನ ಮೆಸೇಜ್ ಬಂತು. ಎರಡು ವರ್ಷದಲ್ಲಿ ಮೊದಲನೆಯದು. ಒಂದು ಒಳ್ಳೆಯ ಕಂಪನಿಯ ಕೊನೆಯ ಸುತ್ತಿನಲ್ಲಿದ್ದಾನೆ. ಹಳೆಯ ಕೆಲಸ ಅಷ್ಟು ಬೇಗ ಯಾಕೆ ಬಿಟ್ಟೆ ಅಂತ ಕೇಳುತ್ತಿದ್ದಾರೆ. ‘ಅವತ್ತು ಏನಾಯ್ತು ಅಂತ ನಿಮ್ಮ ಹೆಸರಲ್ಲಿ ಬರೆದು ಕೊಡ್ತೀರಾ ಸರ್?’ ಹೇಗಿದ್ದೀರಿ ಅಂತ ಕೇಳಿರಲಿಲ್ಲ. ಕೇಳಬೇಕಾಗಿಯೂ ಇಲ್ಲ. ಒಂದು ಪುಟ ಬರೆದು, ಸಹಿ ಹಾಕಿ, ಅವತ್ತೇ ಕಳಿಸಿದೆ. ಕೆಳಗೆ, ‘ಅಪ್ಪನಿಗೂ ಇದನ್ನು ತೋರಿಸಬಹುದು’ ಅಂತ ಸೇರಿಸಿದೆ. ನೀಲಿ ಗೆರೆ ಬಂದಿದೆ. ಉತ್ತರ ಬಂದಿಲ್ಲ.

ಭಾನುವಾರ ಆಯಿಗೆ ಫೋನ್ ಮಾಡಿ ಇದೆಲ್ಲ ಹೇಳಲು ಹೋದೆ. ಅರ್ಧ ಹೇಳುವಷ್ಟರಲ್ಲಿ ಅತ್ತ ಕಡೆಯಿಂದ, ‘ಏನಂದಿ? ತಡಿ ತಡಿ, ಮಷಿನ್ ಡಬ್ಬ್ಯಾಗ ಐತಿ. ಹಾಕ್ಕೊಂಡ ಬರ್ತೀನಿ, ಮತ್ತ ಮೊದಲಿಂದ ಹೇಳು’ ಅಂದಳು.